ಗಂಡುಬೆಕ್ಕಿಗೆ ಕುಂಕುಮ

೨೯ ಆಗಸ್ಟ್ ೧೯೯೦, ಬುಧವಾರ

ಅಮೆರಿಕದವರ ಪ್ರತಾಪವನ್ನು ಇವತ್ತು ಕಣ್ಣಾರೆ ಕಂಡೆ. ಊಟದ ಹೊತ್ತಿಗೆ ಸರಿಯಾಗಿ ಸಮುದ್ರದ ಕಡೆಯಿಂದ ಅವರದೊಂದು ಫೈಟರ್ ವಿಮಾನ ಕುಂಟುತ್ತ ಬಂದು ನಮ್ಮ ಮಸ್ಕತ್ತಿನ ವಾಯುನೆಲೆಯಲ್ಲಿ ಇಳಿಯಿತು. ಇಳಿಯಿತು ಎನ್ನುವುದು ಮರ್ಯಾದೆಗೆ ಆಡುವ ಮಾತು. ಎರಡು ಟೈರು ಸಿಡಿದವು, ಹೊಟ್ಟೆಯಡಿಯಿಂದ ಕೆಂಪು ಎಣ್ಣೆ ರನ್‌ವೇ ಉದ್ದಕ್ಕೂ ಸುರಿಯಿತು, ಕೊನೆಗೆ ಮೊಂಡ ಎಮ್ಮೆಯ ಹಾಗೆ ಅಡ್ಡಡ್ಡ ನಿಂತುಬಿಟ್ಟಿತು. ಹೊರಟದ್ದು ಒಮಾನ್ ಕೊಲ್ಲಿಯಲ್ಲಿ ನಿಂತಿರುವ ಅವರ ವಿಮಾನವಾಹಕ ಹಡಗಿನಿಂದ. ಕುವೈತನ್ನು ನುಂಗಿ ಕೂತ ಸದ್ದಾಮನನ್ನು ಬೆದರಿಸಲು ಬಂದವರಂತೆ. ಮೇಲೆ ಥಳಕು, ಒಳಗೆ ಹುಳುಕು.

ಇದರ ಹೆಸರು ಟಾಮ್‌ಕ್ಯಾಟ್, ಅಂದರೆ ಗಂಡುಬೆಕ್ಕು. ರೆಕ್ಕೆಗಳನ್ನು ಬೇಕಾದಾಗ ಚಾಚಿ ಬೇಕಾದಾಗ ಹಿಂದಕ್ಕೆ ಮಡಿಸುತ್ತದಂತೆ. ಈಗ ಎರಡೂ ಆಗದೆ ಅರ್ಧಕ್ಕೆ ಸಿಕ್ಕಿಕೊಂಡಿವೆ. ಒಳಗಿನಿಂದ ಇಬ್ಬರು ಇಳಿದರು. ಮುಂದೆ ಕೂತು ಓಡಿಸುವವನು ಉದ್ದ, ಹಿಂದೆ ಕೂತು ರೇಡಾರ್ ನೋಡುವವನು ಗಿಡ್ಡ. ನಮ್ಮ ಮಂಡ್ಯದ ಕಡೆ ಕಬ್ಬಿನ ಗಾಡಿ ಹೊಡೆಯಲು ಒಬ್ಬ ಸಾಕು, ಅವನೂ ಅರ್ಧ ದಾರಿ ನಿದ್ದೆ ಮಾಡುತ್ತಾನೆ.

ವರ್ಕ್‌ಶಾಪಿನ ಸೂಪರ್‌ವೈಸರ್ ಎಂಬ ಪಾಪಕ್ಕೆ ಅದನ್ನು ಎಳೆಸಿ ನಮ್ಮ ಶೆಡ್ಡಿನ ಪಕ್ಕ ನೆರಳಿಗೆ ಹಾಕಿಸುವ ಕೆಲಸ ನನ್ನ ತಲೆಗೆ ಬಂತು. ಟ್ರ್ಯಾಕ್ಟರ್ ಓಡಿಸಿದವನು ಕೊಗ್ಗ. ಅವನೊಂದಿಗೆ ಕೆಲಸದ ಮಾತು ಬಿಟ್ಟು ಬೇರೆ ಮಾತನಾಡದೆ ಎರಡು ವರ್ಷವಾಯಿತು, ಇವತ್ತೂ ಆಡಲಿಲ್ಲ.

೩೧ ಆಗಸ್ಟ್, ಶುಕ್ರವಾರ

ರಜೆ. ಈ ವಾದಿ ಕಬೀರ್ ಬಡಾವಣೆಯ ಮನೆಯಲ್ಲಿ ರಜೆ ಎಂದರೆ ಕೆಳಗಿನ ಗ್ಯಾರೇಜುಗಳ ಸುತ್ತಿಗೆಯ ಸದ್ದು ನಿಲ್ಲುತ್ತದೆ, ಸರಸ್ವತಿಯ ರೇಡಿಯೋ ಶುರುವಾಗುತ್ತದೆ. ಬೆಳಿಗ್ಗೆಯಿಂದ ಬಿಬಿಸಿ ಹಾಕಿಕೊಂಡು ಕೂತಿದ್ದಾಳೆ. ಅವಳಿಗೆ ಇಂಗ್ಲಿಷು ಅರ್ಧಂಬರ್ಧ. ‘ಕುವೈತ್’ ಎಂದಾಗಲೆಲ್ಲ ತಲೆ ಎತ್ತುತ್ತಾಳೆ.

“ಏನಂದ್ರು ರೀ?”

“ಸದ್ದಾಮ್ ಚೆನ್ನಾಗಿದಾನಂತೆ, ನಿನಗೆ ನಮಸ್ಕಾರ ಹೇಳಿದಾನೆ” ಎಂದೆ.

ಎದ್ದು ಅಡುಗೆಮನೆಗೆ ಹೋದಳು. ಮಧ್ಯಾಹ್ನ ಸಾರಿಗೆ ಉಪ್ಪು ಇರಲಿಲ್ಲ. ಕೇಳಲು ಹೋಗಲಿಲ್ಲ.

ಕುವೈತಿನಲ್ಲಿ ನನ್ನ ಮಗಳು ಇಂದುಮತಿ ಇದ್ದಾಳೆ, ಮನೆಯಲ್ಲಿ ಬರೀ ‘ಇಂದು’. ಅವಳ ಪಕ್ಕದಲ್ಲಿ ಅವಳೇ ಆರಿಸಿಕೊಂಡ ಮಹಾಪುರುಷ ಭೋಜರಾಜ, ಏಸಿ ರಿಪೇರಿ ಮಾಡುವ ತುಳುವ, ಕೊಗ್ಗನ ಅಕ್ಕನ ಮಗ. ಕೆಲಸ ಹುಡುಕಲು ಮಸ್ಕತ್ತಿಗೆ ಬಂದು ಮಾವನ ರೂಮಿನಲ್ಲಿ ಬಿದ್ದಿದ್ದ. ಕೆಲಸ ಸಿಗಲಿಲ್ಲ, ನನ್ನ ಮಗಳು ಸಿಕ್ಕಿದಳು. ಮಂಗಳೂರಿನಲ್ಲಿ ರಿಜಿಸ್ಟರ್ ಮದುವೆಯಾಗಿ ಫೋನು ಮಾಡಿದಾಗ, ಇನ್ನು ಈ ಮನೆಯ ಬಾಗಿಲು ನಿನಗಿಲ್ಲ ಎಂದೆ. ಆ ವಾರವೇ ಫೋನ್ ಲೈನನ್ನೂ ತೆಗೆಸಿ ಹಾಕಿದೆ. ಮಾಡಿದ್ದರಲ್ಲಿ ತಪ್ಪೇನೂ ಇಲ್ಲ. ಒಮಾನಿನಲ್ಲಿ ಗಂಡುಗಳಿಗೆ ಬರವಿತ್ತೇ?

ಆಗಸ್ಟ್ ಎರಡರಿಂದ ಅಲ್ಲಿಂದ ಯಾರಿಗೂ ಸುದ್ದಿಯಿಲ್ಲ.

೪ ಸೆಪ್ಟೆಂಬರ್

ಬೆಕ್ಕಿನ ವೈದ್ಯರು ಹಡಗಿನಿಂದ ಬಂದಿಳಿದಿದ್ದಾರೆ. ಆರು ಜನ. ಇವರ ಮುಖಂಡನದು ಬೊಕ್ಕತಲೆ, ಕುತ್ತಿಗೆ ಸುಟ್ಟ ಬದನೆಕಾಯಿಯ ಬಣ್ಣ. ಬೆಳಿಗ್ಗೆ ಇವರ ಮೊದಲ ಕೆಲಸ ನೋಡಿ ನಮ್ಮ ಹುಡುಗರೆಲ್ಲ ಕೆಲಸ ಬಿಟ್ಟು ನಿಂತರು. ಸಾಲಾಗಿ ನಿಂತು ತಲೆ ತಗ್ಗಿಸಿ ವಿಮಾನದ ಸುತ್ತಲಿನ ನೆಲವನ್ನು ನೋಡುತ್ತ ನಡೆಯುವುದು. ಸಣ್ಣ ಕಲ್ಲು, ಮೊಳೆ, ದಾರದ ಚೂರು, ಏನಿದ್ದರೂ ಹೆಕ್ಕಿ ಚೀಲಕ್ಕೆ ಹಾಕುವುದು. ಮರದ ಕೆಳಗೆ ಅಕ್ಕಿ ಆರಿಸುವ ಹೆಂಗಸರು ಇವರಿಗಿಂತ ಚುರುಕು.

ಬೊಕ್ಕತಲೆ ನನ್ನನ್ನು ಕರೆದು ಪಾಠ ಮಾಡಿದ. ಎಂಜಿನ್ನಿನ ಬಾಯಿ ಅಷ್ಟಗಲ ಇದೆಯಂತೆ, ಒಳಗೆ ಮನುಷ್ಯ ತೆವಳಬಹುದಂತೆ. ಒಂದು ಸಣ್ಣ ಮೊಳೆ ಹೋದರೂ ಒಳಗಿನ ಬ್ಲೇಡುಗಳು ಮುರಿದು ವಿಮಾನವೇ ಬಿದ್ದು ಹೋಗುತ್ತದಂತೆ. ಆದ್ದರಿಂದ ನಿಮ್ಮವರು ಯಾರೂ ಇದರ ಹತ್ತಿರ ಏನನ್ನೂ ಬೀಳಿಸಬಾರದು, ಜೇಬಿನಲ್ಲಿ ಪೆನ್ನು ಕೂಡ ಇರಬಾರದು ಎಂದ.

“ಇಷ್ಟು ಸೂಕ್ಷ್ಮದ ಹೊಟ್ಟೆ ಇರುವವನು ಯುದ್ಧಕ್ಕೆ ಯಾಕೆ ಬರಬೇಕು?” ಎಂದೆ. ಅವನಿಗೆ ತಮಾಷೆ ತಿಳಿಯಲಿಲ್ಲ. ನಿಯಮವನ್ನು ಇನ್ನೊಮ್ಮೆ ಹೇಳಿದ.

ಸಂಜೆ ಬಸ್ಸಿಗೆ ಹೊರಟಾಗ ಕೊಗ್ಗ ಹಿಂದೆಯೇ ಬಂದ. “ಸಾರ್, ಒಂದು ಮಾತು ಉಂಟು. ಕುವೈತಿನವರು ಕೆಲವರು...” ಎಂದು ಶುರು ಮಾಡಿದ. ಟ್ರ್ಯಾಕ್ಟರಿನ ಬ್ರೇಕ್ ಎಣ್ಣೆ ನೋಡಿದೆಯಾ ಎಂದು ಕೇಳಿದೆ. “ನೋಡಿದ್ದೇನೆ” ಎಂದ. ಹಾಗಾದರೆ ಹೋಗು ಎಂದೆ.

೫ ಸೆಪ್ಟೆಂಬರ್

ದೂಳು. ಬೆಕ್ಕಿಗೆ ತಾಡಪಾಲು ಹೊದಿಸಿದರು. ನಮಗೆ ಹೊದಿಸುವವರಿಲ್ಲ.

೧೨ ಸೆಪ್ಟೆಂಬರ್

ಎರಡು ವಾರವಾಯಿತು. ಎಣ್ಣೆಯ ಕೊಳವೆ ಬದಲಾಯಿಸಿದರು, ಆಮೇಲೆ ಇನ್ನೊಂದು ಒಡೆಯಿತು. ರೆಕ್ಕೆಗೆ ಬೇಕಾದ ಸಾಮಾನು ಅಮೆರಿಕದಿಂದ ಹಡಗಿಗೆ, ಹಡಗಿನಿಂದ ಇಲ್ಲಿಗೆ ಬರಬೇಕು. ಉದ್ದನೂ ಗಿಡ್ಡನೂ ನಮ್ಮ ಕ್ಯಾಂಟೀನಿನಲ್ಲಿ ದಾಲ್ ತಿಂದು ತಿಂದು ಬಿಳುಚಿಕೊಂಡಿದ್ದಾರೆ. ಗಿಡ್ಡ ನನ್ನ ಹತ್ತಿರ ಉಪ್ಪಿನಕಾಯಿ ಕೇಳಿ ಪಡೆದು, ನೀರು ಕುಡಿದು, ಮತ್ತೆ ಕೇಳಿದ. ಹಡಗಿನಲ್ಲಿ ಹೊಟ್ಟೆಗೆ ಏನು ಕೊಡುತ್ತಾರೋ.

ಬೊಕ್ಕತಲೆಯನ್ನು ಕೇಳಿದೆ, ಇಲ್ಲಿಯತನಕ ನಿಮ್ಮ ಬೆಕ್ಕು ಹಿಡಿದ ಇಲಿ ಎಷ್ಟು ಎಂದು. ಒಂದೂ ಇಲ್ಲ. ಹಡಗಿನಿಂದ ಏಳುತ್ತವೆ, ಮೇಲೆ ಕೊಲ್ಲಿಯ ಕಡೆ ಹೋಗಿ ಸುತ್ತುತ್ತವೆ, ಮರಳಿ ಇಳಿಯುತ್ತವೆ. ಕೈಯಲ್ಲಿ ಕೋಲು ಹಿಡಿದ ಗೂರ್ಖನ ಗಸ್ತು. ಅದಕ್ಕೆ ಕೋಟ್ಯಂತರ ಡಾಲರಿನ ಗಾಡಿ. ಇಲ್ಲಿಂದ ಕುವೈತಿಗೆ ಎಷ್ಟು ಹೊತ್ತು ಬೇಕೆಂದೂ ಕೇಳಿದೆ. ಗಂಟೆಗಿಂತ ಸ್ವಲ್ಪ ಹೆಚ್ಚು, ನಡುವೆ ಆಕಾಶದಲ್ಲೇ ಎಣ್ಣೆ ತುಂಬಿಸಿಕೊಂಡು ಹೋಗಬಹುದು ಎಂದ. ಯಾಕೆ ಕೇಳಿದೆಯೆಂದು ಅವನು ಕೇಳಲಿಲ್ಲ. ಸುಮ್ಮನೆ ಕೇಳಿದ್ದು.

ವಾದಿ ಕಬೀರಿನಿಂದ ಬೌಷರ್ ದಾಟಿ ಇಲ್ಲಿಗೆ ಬರಲು ನಮ್ಮ ಬಸ್ಸು ತೆಗೆದುಕೊಳ್ಳುವ ಸಮಯವೂ ಅಷ್ಟೇ.

೧೯ ಸೆಪ್ಟೆಂಬರ್

ಕೊಗ್ಗ ಇವತ್ತು ನನ್ನ ಟೇಬಲ್ಲಿನ ಮುಂದೆ ಬಂದು ನಿಂತುಬಿಟ್ಟ. ಹೋಗೆಂದರೂ ಹೋಗಲಿಲ್ಲ.

“ಬಸ್ಸಿನಲ್ಲಿ ಬಾಗ್ದಾದಿಗೆ, ಅಲ್ಲಿಂದ ಅಮ್ಮಾನಿಗೆ ಜನ ಬರ್ತಾ ಇದ್ದಾರೆ ಸಾರ್. ಅಮ್ಮಾನಿನಿಂದ ಏರ್ ಇಂಡಿಯಾದವರು ಬೊಂಬಾಯಿಗೆ ಕರ್ಕೊಂಡು ಹೋಗ್ತಾರೆ. ನಮ್ಮ ಕಾರ್ಕಳದ ಇಬ್ಬರು ಮುಟ್ಟಿದ್ದಾರಂತೆ. ಅವರು ಹೇಳಿದ್ದು, ಭೋಜ ಮತ್ತೆ ಇಂದುಮತಿ ಹೊರಟಿರಲಿಲ್ಲ ಅಂತ. ಅವನ ಧಣಿ ಊರು ಬಿಟ್ಟು ಓಡಿದ್ದಾನೆ, ಅಂಗಡಿಯ ಬೀಗದಕೈ ಇವನ ಹತ್ರ ಉಂಟಂತೆ. ಅದಕ್ಕೆ ಬಿಟ್ಟು ಬರ್ಲಿಕ್ಕೆ ಮನಸ್ಸಿಲ್ಲ.”

“ಮನಸ್ಸಿಲ್ಲವಂತೆ. ಅವನಪ್ಪನ ಅಂಗಡಿಯಾ?”

“ಅದೇ ನಾನೂ ಹೇಳುದು ಭಾವ.”

ಈ ‘ಭಾವ’ ಎಂಬ ಮಾತು ನನ್ನ ಮುಂದೆ ಬರಬಾರದೆಂದು ಅವನಿಗೆ ಎರಡು ವರ್ಷದ ಹಿಂದೆಯೇ ಹೇಳಿದ್ದೆ. ಬೆಂಚಿನ ಮೇಲಿದ್ದ ಸ್ಪ್ಯಾನರನ್ನು ನೆಲಕ್ಕೆ ಎಸೆದೆ. ಅವನು ಅದನ್ನು ಎತ್ತಿ, ಒರೆಸಿ, ಅದರ ಜಾಗಕ್ಕೆ ತೂಗುಹಾಕಿ ಹೋದ. ಇಂಥ ಎಮ್ಮೆ ಚರ್ಮದವರ ಜೊತೆ ಏನು ಮಾಡುವುದು.

ಬೀಗದಕೈ ಕಾಯುತ್ತಾನಂತೆ, ಪೆದ್ದ ನನ್ನ ಮಗ. ಊರಿಗೆ ಊರೇ ಹೊತ್ತಿ ಉರಿಯುವಾಗ ಏಸಿ ಯಾರಿಗೆ ಮಾರುತ್ತಾನೆ? ಇವಳಿಗಾದರೂ ಬುದ್ಧಿ ಬೇಡವೇ, ಎಳೆದುಕೊಂಡು ಬರಲು? ಮನೆಯಲ್ಲಿ ನನ್ನ ಮೇಲೆ ನಡೆಸುತ್ತಿದ್ದ ಜೋರೆಲ್ಲ ಎಲ್ಲಿ ಹೋಯಿತು?

ಸರಸ್ವತಿಗೆ ಹೇಳಲಿಲ್ಲ. ಆಮೇಲೆ ಹೇಳಿದೆ. ಅವಳು ಮಸ್ಕತ್ತಿನ ಶಿವನ ಗುಡಿಗೆ ಹೋಗಬೇಕೆಂದಳು. ಟ್ಯಾಕ್ಸಿಯಲ್ಲಿ ಕರೆದುಕೊಂಡು ಹೋಗಿ ಹೊರಗೆ ನಿಂತಿದ್ದೆ. ಎಷ್ಟು ಹೊತ್ತು ಒಳಗೆ ಇದ್ದಳೋ, ಕಾಲು ನೋಯಿತು.

೨೫ ಸೆಪ್ಟೆಂಬರ್

ಶುಕ್ರವಾರ ಮಹಾನವಮಿ. ಪ್ರತಿ ವರ್ಷ ವರ್ಕ್‌ಶಾಪಿನಲ್ಲಿ ಗಾಡಿಗಳನ್ನೆಲ್ಲ ತೊಳೆದು ಆಯುಧಪೂಜೆ ಮಾಡುವುದು ರೂಢಿ. ನಮ್ಮ ಬ್ರಿಟಿಷ್ ಮ್ಯಾನೇಜರ್ ಸಿಹಿ ತಿಂದು ಆಚೆ ನೋಡುತ್ತಾನೆ. ಈ ವರ್ಷ ಬೇಡ ಎಂದೆ. ಅಮೆರಿಕದವರು ಪಕ್ಕದಲ್ಲೇ ಬೀಡುಬಿಟ್ಟಿದ್ದಾರೆ, ನಮ್ಮವರು ಬೂದುಗುಂಬಳ ಒಡೆಯಲು ಹೋದರೆ ಬಾಂಬು ಎನ್ನುತ್ತಾರೆ.

ಕೊಗ್ಗ ಇಡೀ ವರ್ಕ್‌ಶಾಪಿನ ಪರವಾಗಿ ಬಂದ. ಸ್ಟಿಯರಿಂಗ್ ಹಿಡಿಯುವ ಕೈಯವರು ನಾವು, ಒಂದು ದಿನವಾದರೂ ಮಾಡದಿದ್ದರೆ ಹೇಗೆ ಎಂದ. ಕೊನೆಗೆ ಶೆಡ್ಡಿನ ಒಳಗೆ, ನಮ್ಮ ಗಾಡಿಗಳಿಗೆ ಮಾತ್ರ, ಕುಂಬಳವಿಲ್ಲದೆ, ಗದ್ದಲವಿಲ್ಲದೆ ಎಂದು ಒಪ್ಪಿದೆ. ಬೆಕ್ಕಿನ ಸುತ್ತ ಬಿಳಿ ಗೆರೆ ಎಳೆದಿದ್ದಾರೆ, ಗೆರೆ ದಾಟಿದವನ ಪಾಸು ಹೋಗುತ್ತದೆ, ಪಾಸು ಹೋದವನು ಊರಿಗೆ ಹೋಗುತ್ತಾನೆ ಎಂದೂ ಹೇಳಿದೆ.

ಬೆಕ್ಕಿನ ರೆಕ್ಕೆ ನಿನ್ನೆಯಿಂದ ಅಲ್ಲಾಡುತ್ತಿದೆ. ಚಾಚುತ್ತದೆ, ಮಡಿಸುತ್ತದೆ. ಮುಂದಿನ ಮಂಗಳವಾರದ ಹೊತ್ತಿಗೆ ಹಾರುತ್ತದಂತೆ. ನೋಡೋಣ. ಮಡಿಸಿಕೊಂಡಾಗ ಮಾತ್ರ ಒಂದು ರೀತಿ ಚೆನ್ನಾಗಿ ಕಾಣುತ್ತದೆ, ಅದನ್ನು ಒಪ್ಪಬೇಕು.

೨೮ ಸೆಪ್ಟೆಂಬರ್, ಶುಕ್ರವಾರ

ಹತ್ತು ಗಂಟೆಗೆ ಹೋಗಿ, ಟ್ರ್ಯಾಕ್ಟರುಗಳಿಗೂ ಜನರೇಟರ್ ಗಾಡಿಗೂ ಮಂಗಳಾರತಿಯಾಗುವ ತನಕ ನಿಂತು, ಕಡಲೆ ಬೆಲ್ಲ ತಿಂದು ಬಂದೆ. ಅಮೆರಿಕದವರು ನಗರ ನೋಡಲು ಹೋಗಿದ್ದರು. ಕೊಗ್ಗನೇ ಪುರೋಹಿತ. ಮಂತ್ರವೆಂದು ಹೇಳಿದ್ದೆಲ್ಲ ತುಳುವಿನಲ್ಲಿತ್ತು.

೨೯ ಸೆಪ್ಟೆಂಬರ್, ಶನಿವಾರ

ಇವತ್ತಿನದನ್ನು ಪೂರ್ತಿ ಬರೆಯುತ್ತೇನೆ.

ಬೆಳಿಗ್ಗೆ ಬಸ್ಸು ಇಳಿಯುತ್ತಿದ್ದಂತೆ ಬೊಕ್ಕತಲೆಯ ಬೈಗುಳ ಗೇಟಿನ ತನಕ ಕೇಳುತ್ತಿತ್ತು. ಬೆಕ್ಕಿನ ಮುಂದಿನ ಚಕ್ರಕ್ಕೆ ಕುಂಕುಮ. ಮೂಗಿಗೆ ಮೂರು ಬೆರಳಿನ ವಿಭೂತಿ. ಚಕ್ರದ ಕೆಳಗೆ ನಿಂಬೆಹಣ್ಣು. ಅಷ್ಟೇ ಆಗಿದ್ದರೆ ಒರೆಸಿ ಮುಗಿಸಬಹುದಿತ್ತು. ಬೊಕ್ಕತಲೆ ಟಾರ್ಚು ಹಿಡಿದು ಎಂಜಿನ್ನಿನ ಬಾಯಿಯೊಳಕ್ಕೆ ತೆವಳಿ ಹೋಗಿ ಹೊರಗೆ ಬಂದ. ಅಂಗೈಯಲ್ಲಿ ಅರಿಸಿನ ಹಚ್ಚಿದ ಅಕ್ಕಿ ಕಾಳು, ಒಂದು ಸೇವಂತಿಗೆ ದಳ.

ಅಕ್ಷತೆ. ಕಲ್ಲು ಹೆಕ್ಕಲು ಆರು ಜನ ಸಾಲಾಗಿ ನಡೆಯುವ ಕಡೆ ಯಾರೋ ಪುಣ್ಯಾತ್ಮ ಹಿಡಿ ತುಂಬ ಅಕ್ಷತೆ ಎರಚಿದ್ದಾನೆ. ಇಂಥ ತಪ್ಪು ಪ್ರಪಂಚದಲ್ಲಿ ನಮ್ಮವರು ಬಿಟ್ಟು ಬೇರೆ ಯಾರೂ ಮಾಡಲಾರರು. ಎಂಜಿನ್ನಿನ ಹೊಟ್ಟೆಗೆ ಕೊಳವೆ ಇಳಿಸಿ ಬ್ಲೇಡು ಬ್ಲೇಡನ್ನೂ ನೋಡಬೇಕು, ಹಾರುವುದು ಇನ್ನೊಂದು ವಾರ ಮುಂದಕ್ಕೆ.

ಹತ್ತು ಗಂಟೆಗೆ ನೆಲೆಯ ಭದ್ರತಾ ಅಧಿಕಾರಿ, ಒಬ್ಬ ಅಮೆರಿಕನ್ ಅಧಿಕಾರಿ, ನಮ್ಮ ಮ್ಯಾನೇಜರ್ ಮೂವರೂ ಆಫೀಸಿನಲ್ಲಿ ಕೂತರು. ಮಧ್ಯಾಹ್ನದೊಳಗೆ ಒಂದು ಹೆಸರು ಬೇಕು ಎಂದರು. ಆಫೀಸಿನ ಹೆರಾಲ್ಡ್ ಹೊರಗೆ ಬಂದು ನನ್ನ ಕಿವಿಯಲ್ಲಿ, “ಯಾರು ಅಂತ ಎಲ್ರಿಗೂ ಗೊತ್ತುಂಟು ಸಾರ್. ಆದ್ರೆ ಅವರು ಇದನ್ನು ಪೂಜೆ ಅಂತ ಹೇಳುದಿಲ್ಲ, ವಿಮಾನ ಹಾಳು ಮಾಡ್ಲಿಕ್ಕೆ ನೋಡಿದ್ದು ಅಂತ ಹೇಳ್ತಾರೆ” ಎಂದ.

ಕೊಗ್ಗನನ್ನು ಟೈರುಗಳ ರಾಶಿಯ ಹಿಂದಕ್ಕೆ ಕರೆದುಕೊಂಡು ಹೋದೆ.

“ಯಾಕೆ ಮಾಡಿದೆ?”

“ಟ್ರ್ಯಾಕ್ಟರಿಗೆ ಕಟ್ಟಿದ್ದಲ್ವಾ ಸಾರ್ ಅದು. ಎಳೆಯುವುದಕ್ಕೆ ಮಾಡಿ ಕಟ್ಟಿದ್ದಕ್ಕೆ ಮಾಡದಿದ್ರೆ ಆಗ್ತದಾ?”

“ಸುಳ್ಳು ಹೇಳಬೇಡ.”

ಅವನು ನೆಲ ನೋಡಿಕೊಂಡು ನಿಂತ. ಕೊನೆಗೆ ಹೇಳಿದ. “ಇದು ಆಚೆ ಹೋಗುವುದಲ್ವಾ, ನಮ್ಮ ಮಕ್ಕಳಿರುವ ಕಡೆಗೆ. ನಾಳೆ ಯುದ್ಧ ಅಂತಾದ್ರೆ ಮೇಲಿಂದ ಇದಕ್ಕೆ ಯಾರು ಯಾರಂತ ಗೊತ್ತಾಗ್ತದೆ? ಇದರ ಕಣ್ಣಿಗೆ ಭೋಜ, ಇಂದು ಬಿದ್ರೆ ಸುಮ್ಮನೆ ದಾಟಿ ಹೋಗ್ಲಿ ಅಂತ ಕೇಳಿಕೊಂಡೆ. ಆಯುಧಕ್ಕೆ ನಾವು ಕೈ ಮುಗಿಯುದು ಮತ್ತೆ ಯಾಕೆ?”

ಬಡ್ಡಿಮಗನಿಗೆ ಹೊಡೆಯಬೇಕೆನ್ನಿಸಿತು. ಕೈ ಎತ್ತಲೂ ಎತ್ತಿದೆ. ಈ ಮಾತನ್ನು ಇವನು ಒಳಗೆ ಹೋಗಿ ಹೀಗೇ ಹೇಳುತ್ತಾನೆ, ಬೇರೆ ರೀತಿ ಹೇಳಲು ಬರುವುದಿಲ್ಲ. ಕುವೈತಿನಲ್ಲಿ ನೆಂಟರಿದ್ದಾರೆ, ಅಮೆರಿಕದ ವಿಮಾನ ತಡೆಯಲು ನೋಡಿದ್ದಾನೆ ಎಂದು ಅವರು ಬರೆದುಕೊಳ್ಳುತ್ತಾರೆ. ಊರಿಗೆ ಕಳಿಸಿದರೆ ಪುಣ್ಯ, ಮೊದಲು ಒಳಗೆ ಹಾಕುತ್ತಾರೆ.

“ನೀನು ಬಾಯಿ ಬಿಟ್ಟರೆ ಹಲ್ಲು ಉದುರಿಸ್ತೀನಿ” ಎಂದು ಹೇಳಿ ನಾನೇ ಆಫೀಸಿಗೆ ಹೋದೆ.

ಇದು ನಮ್ಮ ವಾರ್ಷಿಕ ಪದ್ಧತಿ, ಶೆಡ್ಡಿನಲ್ಲಿರುವ ಎಲ್ಲ ಯಂತ್ರಕ್ಕೂ ಮಾಡಿ ಎಂದು ಅಪ್ಪಣೆ ಕೊಟ್ಟವನು ನಾನು, ಕೆಲಸಗಾರರು ನನ್ನ ಮಾತನ್ನು ಪಾಲಿಸಿದ್ದಾರೆ ಎಂದೆ. ಎಂಜಿನ್ನಿನ ನಿಯಮ ನಿನಗೆ ಗೊತ್ತಿತ್ತೇ ಎಂದು ಅಮೆರಿಕನ್ ಕೇಳಿದ. ಗೊತ್ತಿತ್ತು, ಅಕ್ಕಿಯ ಯೋಚನೆ ಬರಲಿಲ್ಲ ಎಂದೆ. ಹದಿನೆಂಟು ವರ್ಷ ಕೆಲಸ ಮಾಡಿದ ಮನುಷ್ಯನಿಗೆ ಯೋಚನೆ ಬರಲಿಲ್ಲವೇ ಎಂದು ಮ್ಯಾನೇಜರ್ ನನ್ನ ಮುಖವನ್ನೇ ನೋಡಿದ. ನಂಬಿದನೋ ಇಲ್ಲವೋ. ಅವನಿಗೂ ಬೇಗ ಮುಗಿದರೆ ಸಾಕಿತ್ತು.

ಕೊಗ್ಗನ ಮೇಲಿನ ಕನಿಕರದಿಂದ ಮಾಡಿದ್ದಲ್ಲ. ಇಂಥ ಡ್ರೈವರನ್ನು ಮತ್ತೆ ಹುಡುಕಿ ತಯಾರು ಮಾಡಲು ಒಂದು ವರ್ಷ ಬೇಕು. ಅಲ್ಲದೆ ಕುವೈತಿನ ಸುದ್ದಿ ಬಂದರೆ ಇವನ ಮೂಲಕವೇ ಬರಬೇಕು. ಸರಸ್ವತಿಗೆ ಬೇಕಲ್ಲ, ಅದಕ್ಕೆ.

೩೦ ಸೆಪ್ಟೆಂಬರ್

ಗೇಟ್ ಪಾಸು ಕಿತ್ತುಕೊಂಡರು. ವೀಸಾಕ್ಕೆ ಹೊಣೆ ನಿಂತ ಕಫೀಲ್ ಒಳ್ಳೆಯವನು, ಅದನ್ನು ಉಳಿಸಿದ. ಕಂಪನಿಯ ಬರ್ಕಾ ಗೋದಾಮಿಗೆ ಹಾಕಿದ್ದಾರೆ, ಸಂಬಳ ಕಡಿಮೆ. ವಾಯುನೆಲೆಯೊಳಗೆ ಇನ್ನು ಕಾಲಿಡುವಂತಿಲ್ಲ.

ಸಾಮಾನು ಕಟ್ಟಿಕೊಳ್ಳುವಾಗ ಬೊಕ್ಕತಲೆ ಬಂದ. ಇನ್ನೊಮ್ಮೆ ಬೈಯುತ್ತಾನೆಂದುಕೊಂಡೆ. ಆ ಕೆಂಪು ಪುಡಿ ಯಾತಕ್ಕೆ ಎಂದು ಕೇಳಿದ. ತಪ್ಪು ಜನರ ಮೇಲೆ ಬೀಳದಿರಲಿ ಎಂದು ಹಚ್ಚುವುದು ಎಂದೆ. ತಲೆ ಕೆರೆದುಕೊಂಡ. ಹಡಗಿನಲ್ಲಿ ಉದ್ದನೂ ಗಿಡ್ಡನೂ ಬೆಕ್ಕಿನ ಮೂಗು ತಟ್ಟದೆ ಹತ್ತುವುದಿಲ್ಲ ಎಂದ. ಅಂತೂ ದಡ್ಡತನದಲ್ಲಿ ಅವರಿಗೂ ನಮಗೂ ಸಮಸಮ. ಕೈ ಕೊಟ್ಟ, ಕುಲುಕಿದೆ. ಗ್ರೀಸು ಹತ್ತಿತು.

ಸರಸ್ವತಿ ಎಲ್ಲ ಕೇಳಿ ಅಡುಗೆಮನೆಗೆ ಹೋದಳು. ಸಾರು ಚೆನ್ನಾಗಿತ್ತು.

೭ ಅಕ್ಟೋಬರ್

ಬರ್ಕಾ. ಮೀನಿನ ಪೇಟೆಯ ವಾಸನೆ, ನೊಣ, ಅಕ್ಕಿ ಮೂಟೆಗಳು. ಇಲ್ಲಿ ಅಕ್ಕಿ ಎಷ್ಟು ಚೆಲ್ಲಿದರೂ ಯಾರೂ ಕೇಳುವುದಿಲ್ಲ.

ಮಧ್ಯಾಹ್ನ ಕೊಗ್ಗ ಕಂಪನಿಯ ಪಿಕಪ್ಪಿನಲ್ಲಿ ಬಂದ. ದೂರದಿಂದಲೇ ನಗುತ್ತಿದ್ದ. “ಮುಟ್ಟಿದ್ರು ಭಾವ. ಇಬ್ಬರೂ ಬೊಂಬಾಯಿಗೆ ಮುಟ್ಟಿದ್ರು. ನಿನ್ನೆ ವರ್ಕ್‌ಶಾಪಿಗೆ ಫೋನು ಬಂತು. ಬೀಗದಕೈಯನ್ನು ಪಕ್ಕದ ಮನೆಯ ಮುದುಕಿಗೆ ಕೊಟ್ಟು ಬಂದಿದ್ದಾನೆ. ಇವತ್ತು ಕಾರ್ಕಳದ ಬಸ್ಸು ಹತ್ತುತ್ತಾರೆ.”

ಮೂಟೆಯ ಮೇಲೆ ಕೂತೆ. ಬಿಸಿಲು ಜೋರಾಗಿತ್ತು. ಅವನು ನೀರು ತಂದುಕೊಟ್ಟ. ಬೆಕ್ಕು ಹಾರಿತಾ ಎಂದು ಕೇಳಿದೆ. ಗುರುವಾರವೇ ಹಾರಿತಂತೆ, ಎರಡು ಸುತ್ತು ಹಾಕಿ ಸಮುದ್ರದ ಮೇಲೆ ಹೋಯಿತಂತೆ. ಎಂಜಿನ್ನಿನೊಳಗೆ ಇನ್ನೇನೂ ಸಿಗಲಿಲ್ಲವಂತೆ.

“ಇಂದು ನನ್ನ ಬಗ್ಗೆ ಕೇಳಿದಳಾ?”

ಕೊಗ್ಗ ಪಿಕಪ್ಪಿನ ಬಾಗಿಲು ತಿಕ್ಕಿದ. “ಕೇಳಿದ್ಳು. ಸೌಖ್ಯವಾ ಅಂತ. ಅಪ್ಪ ಬಾಗಿಲು ಇಲ್ಲ ಅಂದ ಮೇಲೆ ತಾನಾಗಿ ಬಡಿಯುವುದಿಲ್ಲ ಅಂದ್ಳು. ನಿಮ್ಮ ವಿಷಯ ಎಂತದ್ದೂ ಹೇಳ್ಬಾರ್ದು ಅಂತ ನೀವೇ ಹೇಳಿದ್ದಲ್ವಾ, ನಾನು ಹೇಳ್ಲಿಲ್ಲ.”

ಹಟ ನೋಡಿ. ಎಲ್ಲಿಂದ ಕಲಿತಳೋ ಈ ಹಟವನ್ನು. ಸಾವಿರಾರು ಮೈಲಿ ಮರಳುಗಾಡು ದಾಟಿ ಬಂದವಳಿಗೆ ಅಪ್ಪನನ್ನು ಒಂದು ಮಾತು ಕೇಳಲು ಬಿಗುಮಾನ. ಕೇಳಬೇಕಾದವಳು ಅವಳು. ಕೇಳಲಿ, ಆಮೇಲೆ ನೋಡೋಣ.

ಸಂಜೆ ಮನೆಗೆ ಹಲ್ವ ತೆಗೆದುಕೊಂಡು ಹೋದೆ. ಒಮಾನಿ ಹಲ್ವ ಅಂಟು ಅಂಟು, ನನಗೆ ಸೇರುವುದಿಲ್ಲ. ಇಬ್ಬರೇ ಎಲ್ಲ ಮುಗಿಸಿದೆವು.

೨೨ ನವೆಂಬರ್

ಕೇಳಲಿಲ್ಲ.

ಫೋನ್ ಲೈನಿಗೆ ಮತ್ತೆ ಅರ್ಜಿ ಹಾಕಿದ್ದೇನೆ. ಗೋದಾಮಿನ ಕೆಲಸಕ್ಕೆ ಬೇಕಾಗುತ್ತದೆ. ಮೂರು ತಿಂಗಳು ಕಾಯಬೇಕಂತೆ.

೧೭ ಜನವರಿ ೧೯೯೧, ಗುರುವಾರ

ಯುದ್ಧ ಶುರುವಾಯಿತು. ಬೆಳಗಿನ ಜಾವದಿಂದ ಬಾಗ್ದಾದಿನ ಮೇಲೆ ಬಾಂಬು ಹಾಕುತ್ತಿದ್ದಾರಂತೆ. ಬರ್ಕಾದ ಅಂಗಡಿಗಳಲ್ಲಿ ಜನ ಹಾಲಿನಪುಡಿ, ಮೇಣದಬತ್ತಿ ಕೊಳ್ಳುತ್ತಿದ್ದಾರೆ. ಇಲ್ಲಿಗೆ ಏನೂ ಬರುವುದಿಲ್ಲ ಎಂದು ಎಷ್ಟು ಹೇಳಿದರೂ ಕೇಳುವವರಿಲ್ಲ. ಗೋದಾಮಿನ ಕಾವಲಿನ ಉಸ್ಮಾನ್ ಗ್ಯಾಸ್ ಮುಖವಾಡ ಎಲ್ಲಿ ಸಿಗುತ್ತದೆಂದು ನನ್ನನ್ನು ಕೇಳಿದ. ಒದ್ದೆ ಪಂಚೆ ಕಟ್ಟಿಕೋ ಎಂದೆ, ಹೋಗಿ ನಿಜವಾಗಿಯೂ ಕಟ್ಟಿಕೊಂಡ.

ರೇಡಿಯೋದವರು ವಿಮಾನಗಳ ಹೆಸರುಗಳನ್ನೆಲ್ಲ ಓದಿದರು. ಟಾಮ್‌ಕ್ಯಾಟುಗಳು ಬಾಂಬು ಹಾಕುವ ವಿಮಾನಗಳಿಗೆ ಕಾವಲು ಹೋಗುತ್ತಿವೆಯಂತೆ. ಮತ್ತದೇ ಗಸ್ತಿನ ಕೆಲಸ. ನಮ್ಮದು ಅದರಲ್ಲಿದೆಯೋ, ಅದರ ಹಡಗು ಎಲ್ಲಿಗೆ ಹೋಯಿತೋ. ಗಿಡ್ಡನಿಗೆ ಉಪ್ಪಿನಕಾಯಿ ಕೊಡುವವರು ಯಾರೂ ಇರಲಿಕ್ಕಿಲ್ಲ.

ಸಂಜೆ ಕೊಗ್ಗ ವಾದಿ ಕಬೀರಿನ ಮನೆಗೇ ಬಂದ. ಎರಡು ವರ್ಷದ ಮೇಲೆ ಮೊದಲ ಸಲ. ಸರಸ್ವತಿ ಕುರ್ಚಿ ಕೊಟ್ಟಳು.

“ಇಂದು ವರ್ಕ್‌ಶಾಪಿಗೆ ಫೋನು ಮಾಡಿದ್ಳು ಅಕ್ಕ. ಕೊಲ್ಲಿಯಲ್ಲಿ ಯುದ್ಧ ಅಂತ ರೇಡಿಯೋದಲ್ಲಿ ಕೇಳಿ ಹೆದರಿದ್ದಾಳೆ. ಅಪ್ಪನನ್ನು ಕೊಡಿ ಅಂದ್ಳು. ಇಲ್ಲಿ ಇಲ್ಲ ಅಂದೆ. ಅವರಿಗೆ ಫೋನಿಗೆ ಬರ್ಲಿಕ್ಕೆ ಮನಸ್ಸಿಲ್ಲ ಅಂತಲೇ ಹೇಳಿ ಅಂದು ಇಟ್ಟುಬಿಟ್ಟಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡಿದ್ಳು. ಶನಿವಾರ ನಾಲ್ಕು ಗಂಟೆಗೆ ಮಾಡು, ಬರ್ತಾರೆ ಅಂತ ಹೇಳಿದ್ದೇನೆ.”

ಸರಸ್ವತಿ ನನ್ನ ಕಡೆ ನೋಡಲಿಲ್ಲ. “ಕಾಫಿ ಕುಡಿದು ಹೋಗಿ ಕೊಗ್ಗಣ್ಣ” ಎಂದಳು. ಎರಡು ಲೋಟ ಕುಡಿದ.

೧೯ ಜನವರಿ, ಶನಿವಾರ

ಬಿಳಿ ಷರಟು ಹಾಕಿಕೊಂಡು ಹೋದೆ. ಬರ್ಕಾದಿಂದ ವಾಯುನೆಲೆಗೆ ಟ್ಯಾಕ್ಸಿ, ಪಾಸಿಲ್ಲದಿದ್ದರೂ ಗುರುತಿನ ಕಾವಲಿನವರು ಬಿಟ್ಟಾರೆಂಬ ಧೈರ್ಯ. ಯುದ್ಧದ ಕಾಲ, ಗೇಟಿನಲ್ಲಿ ಕಾವಲು ಇಮ್ಮಡಿ. ಪಾಸಿಲ್ಲ ಎಂದರೆ ಇಲ್ಲ. ಹದಿನೆಂಟು ವರ್ಷ ಇದೇ ಗೇಟಿನಲ್ಲಿ ಬಂದವನು ನಾನು, ಎದುರು ಕಾಣುವ ಆ ಶೆಡ್ಡು ಕಟ್ಟಿಸುವಾಗ ಇದ್ದವನು, ಒಂದು ಫೋನಿಗೆ ಐದು ನಿಮಿಷ ಬಿಡು ಎಂದೆ. ಹಿಂದಿಯಲ್ಲಿ ಹೇಳಿದೆ, ಬರುವಷ್ಟು ಅರಬ್ಬಿಯಲ್ಲಿ ಹೇಳಿದೆ. ಸೆಂಟ್ರಿ ಹುಡುಗ ‘ಖಲಾಸ್’ ಎಂದು ಮುಖ ತಿರುಗಿಸಿದ. ಮೀಸೆ ಮೂಡದವನ ಕೈಗೆ ಬಂದೂಕು ಕೊಟ್ಟರೆ ಹೀಗೆ. ಅವನಿಗೆ ಕನ್ನಡದಲ್ಲಿ ಸಾಕಷ್ಟು ಬೈದೆ.

ನಾಲ್ಕು ಗಂಟೆ. ತಂತಿಬೇಲಿಯಾಚೆ ವರ್ಕ್‌ಶಾಪಿನ ಬಾಗಿಲು ಕಾಣುತ್ತದೆ, ಫೋನು ಇರುವ ಕಿಟಕಿಯೂ ಕಾಣುತ್ತದೆ. ಕಿಟಕಿಯಲ್ಲಿ ಕೊಗ್ಗನ ಬೆನ್ನು. ಫೋನು ಬಂದಿದೆ ಎಂದು ಅವನ ಬೆನ್ನು ನೋಡಿಯೇ ತಿಳಿಯಿತು. ಮಾತನಾಡಿದ, ಕೈ ಆಡಿಸಿದ, ಗೇಟಿನ ಕಡೆ ತೋರಿಸಿದ. ಅಲ್ಲಿ ಕಾರ್ಕಳದಲ್ಲಿರುವವಳಿಗೆ ಗೇಟು ಕಾಣುತ್ತದೆಯೇ? ಕೊನೆಗೆ ಅವನು ಹೊರಗೆ ಬಂದು ಗೇಟಿನ ಕಡೆ ಓಡಿ ಬಂದ. ಏದುಸಿರು.

“ಲೈನಿನಲ್ಲೇ ಇದ್ದಾಳೆ ಭಾವ. ಹೆರಾಲ್ಡ್ ಫೋನು ಹಿಡ್ಕೊಂಡಿದ್ದಾನೆ.”

“ಏನಂದಳು?”

“ಅಪ್ಪನಿಗೆ ಇನ್ನೂ ಕೋಪವಾ, ಅದಕ್ಕೇ ಬರ್ಲಿಲ್ವಾ ಅಂತ ಕೇಳಿದ್ಳು. ಗೇಟಿನಲ್ಲಿ ನಿಂತಿದ್ದಾರೆ, ಒಳಗೆ ಬಿಡುದಿಲ್ಲ ಅಂದೆ. ನಂಬ್ಲಿಲ್ಲ. ಮತ್ತೆ ಎಂತ ಮಾಡುದು, ಎಲ್ಲ ಹೇಳಿಬಿಟ್ಟೆ. ಕುಂಕುಮದ್ದು, ಅಕ್ಕಿದ್ದು, ನೀವು ನನ್ನ ತಪ್ಪು ಮೈಮೇಲೆ ಹಾಕ್ಕೊಂಡದ್ದು. ಲೈನು ಕಟ್ಟಾಯ್ತು ಅಂದ್ಕೊಂಡೆ. ಆಮೇಲೆ, ಅಪ್ಪ ಈಗಲೂ ಎಲ್ರಿಗೂ ಬೈತಾರಾ ಅಂತ ಕೇಳಿದ್ಳು. ಈಗ ಸೆಂಟ್ರಿಗೆ ಬೈತಾ ಇದ್ದಾರೆ ಅಂದೆ. ಹಾಗಾದ್ರೆ ಚೆನ್ನಾಗಿದಾರೆ ಅಂತ ಅಳ್ಲಿಕ್ಕೆ ಶುರು ಮಾಡಿದ್ಳು.”

“ನಿನಗೆ ಯಾರು ಹೇಳೋಕೆ ಹೇಳಿದ್ದು? ಆಮೇಲೆ?”

“ಅವಳಿಗೆ ಐದು ತಿಂಗಳು ಭಾವ.” ಕೊಗ್ಗ ಬೇಲಿಯ ತಂತಿ ಹಿಡಿದುಕೊಂಡ. “ಚೊಚ್ಚಲ ಹೆರಿಗೆ ತವರಿನಲ್ಲಿ ಆಗ್ಬೇಕಲ್ವಾ. ನನಗೆ ತವರು ಅಂತ ಇದೆಯಾ ಕೇಳಿಕೊಂಡು ಬನ್ನಿ ಮಾವ, ನಾನು ಹಿಡ್ಕೊಂಡಿರ್ತೀನಿ ಅಂದ್ಳು. ಎಂತ ಹೇಳ್ಲಿ?”

ಇದನ್ನು ಕೇಳಲು ಟ್ರಂಕ್ ಕಾಲು ಬೇಕಿತ್ತೇ? ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ಬಾಗ್ದಾದಿನ ಬಸ್ಸಿನಲ್ಲಿ ಬಂದವಳು, ಅಕ್ಟೋಬರಿನಲ್ಲೇ ಕೇಳಬಾರದಿತ್ತೇ? ನಾನು ಕೇಳಬಾರದಿತ್ತೇ?

“ಭಾವ, ಲೈನು ಕಟ್ಟಾಗ್ತದೆ.”

“ಇಲ್ಲೇನು ನಿಂತಿದೀಯ ದಡ್ಡ ಮುಂಡೇದೆ, ಓಡು. ಇದೆ ಅಂತ ಹೇಳು. ಅವಳಮ್ಮ ಮುಂದಿನ ವಾರವೇ ಮಂಡ್ಯದ ಮನೆಗೆ ಬರ್ತಾಳೆ ಅಂತ ಹೇಳು. ಅಪ್ಪನೂ ಬರ್ತಾನೆ ಅಂತ ಹೇಳು. ಓಡು.”

ಅವನು ತಿರುಗಿ ಓಡಿದ. ಅವನಿಗೆ ಓಡಲು ಬರುವುದಿಲ್ಲ. ಚಪ್ಪಲಿ ಒಂದು ಕಡೆ, ಕಾಲು ಒಂದು ಕಡೆ. ಅರ್ಧ ದಾರಿಯಲ್ಲಿ ಒಂದು ಚಪ್ಪಲಿ ಕಳಚಿ ಬಿತ್ತು, ಅದನ್ನು ಎತ್ತಿಕೊಳ್ಳಲು ಬಗ್ಗಿದ. ಬಿಡು ಅದನ್ನು ಎಂದು ಕೂಗಿದೆ. ಅವನು ಬಾಗಿಲು ಸೇರಿದ ಮೇಲೂ ಕೂಗುತ್ತಿದ್ದೆ. ಇದೆ ಅಂತ ಹೇಳು, ಇದೆ ಅಂತ ಹೇಳು. ಫೋನಿನ ತನಕ ಕೇಳಿಸಲಿ ಎಂದು ಕೈಲಾದಷ್ಟು ಜೋರಾಗಿ ಕೂಗಿದೆ. ಸೆಂಟ್ರಿ ಹುಡುಗ ಬಂದೂಕನ್ನು ಹೆಗಲಿಗೆ ಹಾಕಿಕೊಂಡು ನನ್ನ ಭುಜ ಹಿಡಿದು ನಿಂತಿದ್ದ. ಅವನಿಗೆ ಆಮೇಲೆ ಬೈಯಲಿಲ್ಲ.